ಮಾಳಮ್ಮನ ಹಾಡಿಗೆ ಸಿಕ್ಕ ಅಂಕ

ಅಫಜಲಪುರ
ಶುಕ್ರವಾರ, ಮಧ್ಯಾಹ್ನ

ದೇವೀಂದ್ರಪ್ಪ ಸರ್ ಅವರಿಗೆ, ನಿಮ್ಮ ಯಾಸ್ಮೀನಳ ಸಲಾಮು.

ಹೇಗಿದ್ದೀರಿ ಎಂದು ಕೇಳುವ ಮುಖ ನನಗಿಲ್ಲ. ಹತ್ತೊಂಬತ್ತು ವರ್ಷ ಅತಿಥಿ ಉಪನ್ಯಾಸಕರಾಗಿ ನೀವು ಕೂತ ಕುರ್ಚಿಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಅದರ ಒಂದು ಕಾಲು ಈಗಲೂ ಗಿಡ್ಡ. ನೀವು ಅಡಿಗೆ ಮಡಚಿಟ್ಟ ಹಳೆಯ ಪ್ರಶ್ನೆಪತ್ರಿಕೆಯನ್ನು ನಾನು ತೆಗೆದಿಲ್ಲ.

ಖಜೂರಿಯಿಂದ ಬಂದು, ಇಲ್ಲಿ ಅಮ್ಮನ ತಂಗಿ ಖಾಲಾನ ಮನೆಯಲ್ಲಿದ್ದು ಓದುತ್ತಿದ್ದ ಹುಡುಗಿಗೆ ಕನ್ನಡದ ಹುಚ್ಚು ಹಿಡಿಸಿದವರು ನೀವು. ನಿಮ್ಮ ಅವ್ವ ಮಾಳಮ್ಮ ಹಾಡುವ ಬೀಸುವ ಪದಗಳನ್ನು ನಾಲ್ಕು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟುಕೊಂಡಿದ್ದಿರಿ, ನಿಮ್ಮದೇ ಪಿಎಚ್‌ಡಿಗೆಂದು. ಒಂದು ದಿನ ಅವನ್ನು ನನ್ನ ಕೈಗಿಟ್ಟು, "ನನಗಿನ್ನ ಆಗಂಗಿಲ್ಲ ಬೇ. ನೀ ಮಾಡು. ಹಾಡು ಉಳೀತಾವ" ಎಂದಿರಿ. ಹವಳಗಾದ ನಿಮ್ಮ ಮನೆಯಲ್ಲಿ ಅವ್ವ ನನಗೆ ಅಷ್ಟನ್ನೂ ಮತ್ತೆ ಹಾಡಿ ತೋರಿಸಿದರು. ನಡುನಡುವೆ ಚಾ ಬೇಕು ಎಂದು ನಿಮ್ಮನ್ನು ಗದರಿದರು. ಆರು ವರ್ಷ ಹಿಡಿಯಿತು. ಡಾಕ್ಟರೇಟ್ ಬಂತು. ಆಮೇಲೆ ಎರಡು ವರ್ಷ ಡಾಕ್ಟರ್ ಯಾಸ್ಮೀನ ಆಳಂದದ ಟ್ಯೂಷನ್ ಕೋಣೆಯಲ್ಲಿ ಸಣ್ಣ ಮಕ್ಕಳಿಗೆ ಕಾಗುಣಿತ ತಿದ್ದಿಸಿದಳು.

ಅತಿಥಿ ಉಪನ್ಯಾಸಕರಿಗೆ ಪ್ರತಿವರ್ಷವೂ ಹೊಸ ಅರ್ಜಿ, ಹೊಸ ಪಟ್ಟಿ. ಈ ಸಲ ನನ್ನ ಅರ್ಜಿಯನ್ನು ಬಸ್‌ಸ್ಟ್ಯಾಂಡಿನ ಪಕ್ಕದ ಕಂಪ್ಯೂಟರ್ ಅಂಗಡಿಯಲ್ಲಿ ಪಕ್ಕದಲ್ಲಿ ಕೂತು ತುಂಬಿಸಿದವರೂ ನೀವೇ. ಕಾಲೇಜಿನ ಆಯ್ಕೆ ಬಂದಾಗ ನಾನು ಕೈ ತಡೆದೆ. ನೀವು ನಕ್ಕಿರಿ. "ಅಫಜಲಪುರ ಒತ್ತು. ಇಲ್ಲಿ ಎರಡು ಹುದ್ದೆ ಅವ. ನೀನೂ ಇರ್ತಿ, ನಾನೂ ಇರ್ತೇನಿ. ಚಾ ಕುಡಕೋತ ಕುಂದರೋಣು."

ಒತ್ತಿದೆ. ಪಟ್ಟಿ ಬರುವ ವಾರವೇ, ಪ್ರವೇಶ ಕಡಿಮೆಯಾಗಿದೆ ಎಂದು ಕನ್ನಡದ ಪಾಠದ ಅವಧಿಗಳನ್ನು ಇಳಿಸಿದರು. ಎರಡು ಹುದ್ದೆ ಒಂದಾಯಿತು. ಡಾಕ್ಟರೇಟ್ ಇದ್ದವರು ಮೊದಲು, ಸೇವೆ ಆಮೇಲೆ. ನಿಮ್ಮ ಅವ್ವನ ಹಾಡಿಗೆ ಸಿಕ್ಕ ಅಂಕದಿಂದಲೇ ನಾನು ನಿಮ್ಮನ್ನು ಹೊರಗೆ ಕಳಿಸಿದೆ. ಇದನ್ನು ಇನ್ನೊಂದು ರೀತಿಯಲ್ಲಿ ಹೇಳಲು ಬಹಳ ಪ್ರಯತ್ನಪಟ್ಟೆ, ಸರ್. ಬರಲಿಲ್ಲ.

ರಾಜೀನಾಮೆ ಬರೆದು ಪ್ರಿನ್ಸಿಪಾಲರ ಕೋಣೆಗೆ ಹೋಗಿದ್ದೆ. ಅವರು ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು. "ಓದಿ ನೋಡ್ರಿ ಮೇಡಂ. ನೀವು ಬಿಟ್ರ ಅವರಿಗೆ ಬರಂಗಿಲ್ಲ." ನಿಮ್ಮ ಹೆಸರಿಗೂ ನನ್ನ ಹೆಸರಿಗೂ ನಡುವೆ ಹನ್ನೊಂದು ಡಾಕ್ಟರೇಟುಗಳಿದ್ದವು. ನನ್ನ ಕೆಳಗೇ ಇದ್ದವನು ಜೇವರ್ಗಿಯ ಗುರುಶಾಂತ. ಪದವಿ ಬಂದ ಮೇಲೂ ಸಿಮೆಂಟಿನ ಅಂಗಡಿಯಲ್ಲಿ ಚೀಲ ಇಳಿಸುತ್ತಾನಂತೆ. ಯಾರು ಹೇಳಿದರೋ, ಅಂದೇ ಫೋನ್ ಮಾಡಿದ. "ನೀವು ಬಿಡ್ತೀರಂತ, ಖರೇನೇನ್ರಿ?" ಅವನ ದನಿಯಲ್ಲಿ ಎಷ್ಟು ಆಸೆ ಇತ್ತೆಂದರೆ ಸಿಟ್ಟು ಮಾಡಲೂ ಆಗಲಿಲ್ಲ. ಇಲ್ಲ ಎಂದೆ. ರಾಜೀನಾಮೆಯ ಕಾಗದ ಇನ್ನೂ ಬ್ಯಾಗಿನಲ್ಲಿದೆ. ಕೊಡಲೂ ಆಗದು, ಹರಿಯಲೂ ಆಗದು.

ಪ್ರಬಂಧದ ಒಂದು ಪ್ರತಿಯನ್ನು ಅವ್ವನಿಗೆಂದು ಬೈಂಡ್ ಮಾಡಿಸಿದ್ದೆ. ಅದನ್ನು ಹಿಡಿದುಕೊಂಡು ಒಂದು ಭಾನುವಾರ ಹವಳಗಾಕ್ಕೆ ಬಂದೆ. ನೀವೀಗ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಗಾಡಿಗಳ ನಂಬರು ಬರೆದುಕೊಳ್ಳುತ್ತೀರಿ ಎಂದು ಕೇಳಿದ್ದೆ, ನಂಬಿರಲಿಲ್ಲ. ಬಸ್ಸಿನ ಕಿಟಕಿಯಿಂದ ಕಂಡಿರಿ. ಕಿವಿಗೆ ಸಿಕ್ಕಿಸಿಕೊಂಡ ಪೆನ್ನು, ಪಾಠಕ್ಕೆ ಹಾಕುತ್ತಿದ್ದ ಅದೇ ನೀಲಿ ಅಂಗಿ. ನಾನು ಇಳಿಯಲಿಲ್ಲ. ಮುಂದಿನ ಊರಿನವರೆಗೆ ಹೋಗಿ ಅಲ್ಲಿಂದ ವಾಪಸು ಬಂದೆ.

ನೀವು ಬೈದಿದ್ದರೆ ಹಗುರಾಗುತ್ತಿದ್ದೆ. ಈ ಎರಡು ತಿಂಗಳಲ್ಲಿ ನಿಮ್ಮಿಂದ ಬಂದದ್ದು ಒಂದೇ ಬಗೆಯ ಸಂದೇಶ, ನಿಮ್ಮೂರಿಂದ ನನ್ನ ತರಗತಿಗೆ ಬರುವ ಸುಮಂಗಲಾಳ ಬಗ್ಗೆ. ಇವತ್ತು ಬೆಳಿಗ್ಗೆಯೂ ಬಂತು. "ಹವಳಗಾ ಬಸ್ ಇನ್ನೂ ಬಂದಿಲ್ಲ. ಸುಮಂಗಲಾ ಇಲ್ಲೇ ಗೇಟಿನ ಹತ್ರ ನಿಂತಾಳ. ಗೈರು ಹಾಕಬ್ಯಾಡ."

ಹತ್ತೊಂಬತ್ತು ವರ್ಷ ಆ ಬಸ್ಸಿಗೇ ನೀವೂ ಕಾಯುತ್ತಿದ್ದಿರಿ. ಸುಮಂಗಲಾ ಬರುವ ಮೊದಲೇ ಅವಳ ಹೆಸರಿಗೆ ಹಾಜರಿ ಹಾಕಿದೆ, ಸರ್.

ಅವ್ವನ ಕಂಠ ನೂರು ವರ್ಷ ಹೀಗೇ ಇರಲಿ. ನಿಮ್ಮನ್ನು ದೇವರು ಚೆನ್ನಾಗಿ ಇಟ್ಟಿರಲಿ; ನನ್ನಿಂದ ಆಗಲಿಲ್ಲ.

ನಿಮ್ಮ ವಿದ್ಯಾರ್ಥಿನಿ,
ಯಾಸ್ಮೀನ