ಬೀಟಾ ಕ್ಯಾಸೆಟ್ಟಿನಲ್ಲಿ ಅಮ್ಮಿ

ತರೀಕೆರೆ

ಅಖೀಲ್ ಭಾಯಿಗೆ ಸಲಾಂ,

ಕಡೂರಿನ ನಿಮ್ಮ ಮನೆಯಲ್ಲಿರುವ ಹಳೇ ಬೀಟಾ ವಿಡಿಯೊ ಪ್ಲೇಯರನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ನಿಮ್ಮ ಮೊದಲ ಮದುವೆಯ ಕ್ಯಾಸೆಟ್ ಅದರಲ್ಲಿ ಮಾತ್ರ ಓಡುತ್ತದೆ. ಇಲ್ಲಿನ ಸ್ಟುಡಿಯೊದ ಗಿಡ್ಡಪ್ಪ, "ಇದು ಚಿಕ್ಕದು ಕಣಮ್ಮಾ, ನಮ್ ವಿಎಚ್‌ಎಸ್ ಪ್ಲೇಯರಿಗೆ ಕೂರಲ್ಲ" ಅಂದರು. "ಟೇಪಿನ ಅಗಲ ಒಂದೇ, ಓಡುತ್ತೆ ಬಿಡು" ಎಂದು ನಮ್ಮವರು ಅದನ್ನು ಬಿಚ್ಚಿ ದೊಡ್ಡ ಕ್ಯಾಸೆಟ್ಟಿಗೆ ಸುತ್ತಿದರು. ಪರದೆಯಲ್ಲಿ ಬರೀ ಚುಕ್ಕೆಗಳು ಕಂಡವು. ಮತ್ತೆ ಚಿಕ್ಕದಕ್ಕೇ ಸುತ್ತಿಸಿ ಇಟ್ಟಿದ್ದೇನೆ.

ಈಗಿನ ಭಾಭಿಗೆ ಬೇಸರವಾಗುವುದಾದರೆ ಪ್ಲೇಯರನ್ನು ನಾನೇ ಬಂದು ಒಯ್ಯುತ್ತೇನೆ. ನನಗೆ ಮದುಮಗಳನ್ನು ನೋಡಬೇಕಿಲ್ಲ. ಮಾತು ಬಾರದ ನಮ್ಮ ಅಮ್ಮಿ, ತೀರಿಹೋಗುವ ಮುಂಚೆ, ಕೈಸನ್ನೆಯಲ್ಲಿ ಮಾತಾಡಿದ್ದು ಉಳಿದಿರುವುದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಆ ಸನ್ನೆಗಳು ನನಗೆ ಒಂದೊಂದಾಗಿ ಮರೆತುಹೋಗುತ್ತಿವೆ. ಫೋಟೋ ತೆಗೆಯುವವರು ಅಲುಗಾಡಬೇಡಿ ಎನ್ನುತ್ತಿದ್ದುದರಿಂದ, ಎಲ್ಲ ಫೋಟೋಗಳಲ್ಲೂ ಅಮ್ಮಿಯ ಕೈ ಸುಮ್ಮನೆ ಮಡಿಲಲ್ಲಿದೆ.

ನಿಮ್ಮ ತಂಗಿ,
ರುಬೀನಾ