ಹತ್ತು ಹತ್ತಕ್ಕೆ ನಿಂತರೆ ಮಾತ್ರ ಪಾಸು

ಕಂಪ್ಯೂಟರ್ ಪ್ರಾಯೋಗಿಕ ಪರೀಕ್ಷೆಯ ಮಾನ್ಯ ಮುಖ್ಯ ಮೌಲ್ಯಮಾಪಕರೇ,

ಸರಿಯಾದ ಸಮಯ ತೋರಿಸಿದ ಅಪರಾಧಕ್ಕಾಗಿ ತಾವು ನನ್ನ ಮಗಳ ಗಡಿಯಾರಕ್ಕೆ ಇಪ್ಪತ್ತೈದಕ್ಕೆ ಸೊನ್ನೆ ದಯಪಾಲಿಸಿದ್ದೀರಿ. ಈ ಪತ್ರ ಆ ಸೊನ್ನೆಯ ಕುರಿತು.

ನಾನು ಬಟ್ಟೆ ಹೊಲಿಯುವವಳು. ಏಳನೇ ತರಗತಿಯ ನನ್ನ ಮಗಳು ಇಸ್ತ್ರಿ ಮೇಜಿನ ತುದಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು, ಪರದೆಯ ಮೇಲೊಂದು ಗಡಿಯಾರ ಓಡಿಸಲು ಬಣ್ಣಬಣ್ಣದ ಆಜ್ಞೆಯ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಾ ಮೂರು ವಾರ ಕೂತಳು. ಮೊದಲ ದಿನ ಸೆಕೆಂಡಿನ ಮುಳ್ಳು ಫ್ಯಾನಿನಂತೆ ನಡುಮಧ್ಯದಿಂದ ಗಿರಗಿರನೆ ತಿರುಗಿತು. ಮುಳ್ಳಿನ ಬುಡವನ್ನೇ ತಿರುಗುವ ಕೇಂದ್ರವಾಗಿಸಬೇಕೆಂದು ಅವಳಿಗೆ ಹೊಳೆಯಲು ಎರಡು ದಿನ ಹಿಡಿಯಿತು. ಆಮೇಲೆ ಗಂಟೆಯ ಮುಳ್ಳಿನ ತಕರಾರು. ಹನ್ನೊಂದರಿಂದ ಹನ್ನೆರಡಕ್ಕೆ ಒಂದೇ ನೆಗೆತ! ಅವಳ ಅಜ್ಜಿ ಕನ್ನಡಕ ಮೂಗಿಗೇರಿಸಿ, "ಅದು ಹಂಗೆ ಹಾರಲ್ಲ ಕಣೇ, ಗೊತ್ತೇ ಆಗದ ಹಾಗೆ ತೆವಳುತ್ತೆ" ಎಂದರು. ಮಗಳು ಲೆಕ್ಕ ಹಾಕಿ, ನಿಮಿಷಕ್ಕೆ ಅರ್ಧ ಡಿಗ್ರಿಯಂತೆ ಅದನ್ನು ತೆವಳಿಸಿದಳು. ಅದು ಮೊದಲ ಬಾರಿಗೆ ನಮ್ಮ ಗೋಡೆಯ ಗಡಿಯಾರದ ಜೊತೆ ಹೆಜ್ಜೆ ಹಾಕಿದಾಗ ನಾನು ಹೊಲಿಗೆ ಬಿಟ್ಟು ಎದ್ದು ನಿಂತು ನೋಡಿದ್ದೆ. ತಮಗೆ ಇಂಥ ಕ್ಷುಲ್ಲಕ ಸಂತೋಷಗಳಿಗೆ ಬಿಡುವಿರಲಿಕ್ಕಿಲ್ಲ.

ಪರೀಕ್ಷೆಯ ದಿನ ತಮ್ಮ ಪರೀಕ್ಷಕರು ಅವಳ ಬಳಿ ಬಂದಾಗ ಹನ್ನೊಂದು ನಲವತ್ತು. ತಾವು ಕಳಿಸಿದ ಮಾದರಿ ಉತ್ತರದ ಹಾಳೆಯ ಚಿತ್ರದಲ್ಲಿ ಹತ್ತು ಹತ್ತು.

"ಮುಳ್ಳುಗಳು ತಪ್ಪು ಜಾಗದಲ್ಲಿವೆಯಲ್ಲಮ್ಮ?"

"ಸರ್, ಈಗ ಟೈಮೇ ಅಷ್ಟು."

"ಹಾಳೇಲಿ ಹಾಗಿಲ್ಲ."

ಇಷ್ಟೇ ವಿಚಾರಣೆ. ತೀರ್ಪು, ಸೊನ್ನೆ. ಪಕ್ಕದ ಹುಡುಗಿ ಒಂದು ತುಂಡನ್ನೂ ಜೋಡಿಸದೆ, ಹತ್ತು ಹತ್ತರ ಗಡಿಯಾರದ ಚಿತ್ರ ಬರೆದಿಟ್ಟು ಪೂರ್ಣ ಅಂಕ ಪಡೆದಳು. ಆ ಮಗುವಿನ ಮೇಲೆ ನನಗೆ ಕೋಪವಿಲ್ಲ. ತಮ್ಮ ಇಲಾಖೆಯನ್ನು ಅವಳು ನಮಗಿಂತ ಬೇಗ ಅರ್ಥಮಾಡಿಕೊಂಡಿದ್ದಾಳೆ.

ಮರುದಿನ ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಕಡತದಿಂದ ತಲೆ ಎತ್ತದೆ, "ನೋಡಿಮ್ಮಾ, ಸರಿಯಾಗಿ ಹತ್ತು ಹತ್ತಕ್ಕೆ ಅವಳ ಸರದಿ ಬಂದಿದ್ರೆ ಪಾಸಾಗ್ತಿದ್ಳು. ಮರುಪರೀಕ್ಷೆಗೆ ಬರಲಿ, ಮುಳ್ಳು ನಿಲ್ಲಿಸಿಕೊಂಡು ಬರಲಿ" ಎಂದರು. ಓಡುವುದಕ್ಕೆಂದೇ ಮಾಡಿದ ಗಡಿಯಾರವನ್ನು ನಿಲ್ಲಿಸಿಕೊಂಡು ಬರಬೇಕೇ? ಹಾಗಾದರೆ ಅದನ್ನು ಓಡಿಸಲು ಕಲಿಸಿದ್ದಾದರೂ ಏಕೆ? ಕೇಳಿದೆ. ಗುಮಾಸ್ತರು ಊಟಕ್ಕೆ ಎದ್ದರು.

ಮನೆಗೆ ಬಂದು ಮಗಳಿಗೆ ವಿಷಯ ಹೇಳಿದೆ. ಅವಳು ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. "ಮುಳ್ಳುಗಳನ್ನ ಹತ್ತು ಹತ್ತಕ್ಕಿಟ್ಟು, ತಿರುಗಿಸ್ತಾನೇ ಇರೋ 'ಯಾವಾಗಲೂ' ಅನ್ನೋ ಒಂದು ತುಂಡು ತೆಗೆದುಬಿಟ್ರೆ ಸಾಕಮ್ಮ, ನಿಂತುಹೋಗುತ್ತೆ" ಎಂದಳು.

ನಾನು ಬೇಡವೆನ್ನಬೇಕಿತ್ತು. ಫೇಲಾದವರಿಗೆ ಎಂಟನೇ ತರಗತಿಯಲ್ಲಿ ಕಂಪ್ಯೂಟರ್ ವಿಷಯ ಸಿಗುವುದಿಲ್ಲ ಎಂಬ ತಮ್ಮದೇ ಸುತ್ತೋಲೆ ಕಣ್ಮುಂದೆ ಬಂತು. "ತೆಗಿ" ಎಂದೆ. ಈ ಇಡೀ ಪ್ರಕರಣದಲ್ಲಿ ತಮ್ಮ ತಪ್ಪಲ್ಲದ ಒಂದೇ ತಪ್ಪು ಅದು, ನನ್ನದು.

ಮರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತೈದು. ಮೇಲೆ ಕೆಂಪು ಶಾಯಿಯಲ್ಲಿ 'ಉತ್ತಮ ಪ್ರಗತಿ'. ಅಂದಿನಿಂದ ಲ್ಯಾಪ್‌ಟಾಪ್ ಮುಚ್ಚಿಯೇ ಇದೆ. ಮೊನ್ನೆ ಅಜ್ಜಿ, "ಆ ಮುಳ್ಳು ಓಡೋದು ತೋರಿಸೇ" ಎಂದರೆ, "ಅದರಲ್ಲಿ ನೋಡೋಕೇನಿದೆ ಅಜ್ಜಿ" ಎಂದು ಹೊರಗೆ ಹೋದಳು.

ಆದ್ದರಿಂದ ನನ್ನ ಬೇಡಿಕೆ ಸರಳ. ಆ ಇಪ್ಪತ್ತೈದನ್ನು ತಾವೇ ಹಿಂದಕ್ಕೆ ತೆಗೆದುಕೊಳ್ಳಿ. ಅವಳ ಮೊದಲ ಗಡಿಯಾರವನ್ನು ಮತ್ತೆ ಪರೀಕ್ಷಿಸಿ. ಹಾಳೆಯನ್ನು ಕಳಿಸಬೇಡಿ, ಖುದ್ದಾಗಿ ಬನ್ನಿ. ಅವಳ ಪಕ್ಕದಲ್ಲಿ ಪೂರ್ತಿ ಒಂದು ನಿಮಿಷ ಕೂತು ನೋಡಿ. ನೋಡಿದ ಮೇಲೆ, ತಪ್ಪಾಯಿತು ಎಂದು ನನಗಲ್ಲ, ಅವಳಿಗೆ ಹೇಳಿ.

ಇಂತಿ,
ಪೂರ್ಣ ಅಂಕ ಪಡೆದ ಹುಡುಗಿಯ,
ಸಂತೋಷಪಡಲು ಬಾರದ ತಾಯಿ