ಮೊದಲನೇ ಹೆಸರು

ಹಳದೀಪುರ
೮ ಮೇ ೨೦೨೫

ಚಿ. ಚಂದನಾಳಿಗೆ ಮಾವ ಶನಿಯಾರನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರಲಿಲ್ಲ. ನೀನು ಭಟ್ಕಳದ ಹಾಸ್ಟೆಲ್ಲಿಗೆ ಮರಳಿ ಹನ್ನೆರಡು ದಿನವಾಯಿತು. ಅಷ್ಟರಲ್ಲಿ ಮೂರು ಸಲ ಪೆನ್ನು ಹಿಡಿದು ಕೆಳಗಿಟ್ಟೆ. ಫೋನು ಮಾಡಿದರೆ ನೀನು "ವಾರ್ಡಿನಲ್ಲಿದ್ದೆ ಮಾವ, ಆಮೇಲೆ" ಎನ್ನುತ್ತೀ. ತಡವಾದದ್ದಕ್ಕೆ ಬೈದುಕೋ, ಆದರೆ ಕಡೆಯ ಸಾಲಿನವರೆಗೂ ಓದು.

ನಿನ್ನ ಅಮ್ಮ ಸಣ್ಣಿಯ ಮಂಡಿನೋವು ಹಾಗೇ ಇದೆ. ನೀನು ತಂದುಕೊಟ್ಟ ಪಟ್ಟಿ ಬಿಗಿದುಕೊಂಡು ಶೇಂಗಾ ಕೀಳಲು ಹೋಗುತ್ತಾಳೆ. ಬಾವಿಯ ನೀರು ಈ ಸಲ ಬೇಗನೆ ಉಪ್ಪಾಯಿತು. ಆಚೆಮನೆ ಗಂಗಿ ದಿನಾ ಕೇಳುತ್ತಾಳೆ: "ನಮ್ಮ ನರ್ಸಬಾಯಿ ಯಾವಾಗ ಬತ್ತದ್ಯಾ? ಬಿ.ಪಿ. ನೋಡೂಕೆ ದುಡ್ಡು ಗಿಡ್ಡು ಕೊಡೂದಿಲ್ಲ ಮತ್ತೆ. ಎರಡು ಬಂಗಡೆ ಕೊಡ್ತೆ, ಅಷ್ಟೇ." ನಾನು ನಗುತ್ತೇನೆ. ಒಳಗೆ ಸಣ್ಣಿ ನಗುವುದಿಲ್ಲ.

ಮಂಗಳೂರಿನ ಆಸ್ಪತ್ರೆಯವರ ಕೆಲಸದ ಫಾರ್ಮಿನ ವಿಷಯ ಅವಳು ಹೇಳಿದಳು. ನಿಮ್ಮ ತರಗತಿಯಿಂದ ಆರಿಸಿದ ಮೂವರಲ್ಲಿ ದೀಪಿಕಾಗೆ ಆಗಲೇ ಆರ್ಡರು ಬಂತಂತೆ. ನಿನ್ನದು ಮಾತ್ರ ಒಂದು ಪ್ರಶ್ನೆಯಲ್ಲಿ ನಿಂತಿದೆ: ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ? ಹದಿನೈದನೇ ತಾರೀಕಿನೊಳಗೆ ಹೌದು ಅಥವಾ ಇಲ್ಲ ಎಂದು ತುಂಬಬೇಕು. ನೀನು ಇಲ್ಲ ಎಂದು ಬರೆಯುವವಳಿದ್ದೀ ಎಂದು ಕೇಳಿದೆ.

ಸಣ್ಣಿಯೂ ಅದನ್ನೇ ಹೇಳುತ್ತಾಳೆ. "ಇಲ್ಲ ಅಂತ ಬರದ್ರೆ ಎಂತ ಆತದೆ ಅಣ್ಣಾ? ಮಂಗಳೂರಿನಿಂದ ಯಾರು ಇಲ್ಲಿಗೆ ನೋಡೂಕೆ ಬತ್ರು? ನನ್ನ ಮಗಳು ಎಂತ ಕೊಲೆ ಮಾಡಿದ್ಳಾ?"

ಮಾಡಲಿಲ್ಲ. ಕಳೆದ ವರ್ಷ ಜನವರಿಯಲ್ಲಿ ಹೆದ್ದಾರಿ ದಾಟುವ ಜಾಗಕ್ಕೆ ಕಾಂಕ್ರೀಟ್ ಅಡ್ಡ ಇಟ್ಟರು. ಶಾಲೆ ಆಚೆ, ಕೇರಿ ಈಚೆ. ಮಕ್ಕಳು ಒಂದೂವರೆ ಮೈಲು ಸುತ್ತಬೇಕಾಯಿತು. ಅಡ್ಡ ತೆಗೆಯಿರಿ ಎಂದು ಮನವಿ ಬರೆದದ್ದು ನಾನು. ಸಹಿ ಮಾಡಿಸಲು ಮನೆಮನೆ ಸುತ್ತಿದವ ನಮ್ಮ ಕೇರಿಯ ನರೇಶ. ಊರಿನ ಯಾವ ಕೆಲಸಕ್ಕೂ ನಮ್ಮಲ್ಲಿ ಮನೆಗೊಂದು ಹೆಸರು ತಾನೇ. ಮನವಿಗೆ ಉತ್ತರ ಬರಲಿಲ್ಲ, ಜನ ರಸ್ತೆಯಲ್ಲಿ ಕೂತರು, ಯಾರೋ ಎಸೆದ ಕಲ್ಲಿಗೆ ಅಧಿಕಾರಿಯ ಜೀಪಿನ ಗಾಜು ಒಡೆಯಿತು. ಮರುದಿನ ಪೊಲೀಸರ ಕೈಯಲ್ಲಿ ನಮ್ಮದೇ ಮನವಿಯ ನಕಲು ಇತ್ತು. ಮೇಲಿನ ಹನ್ನೊಂದು ಸಹಿಗಳು ಹನ್ನೊಂದು ಆರೋಪಿಗಳಾದವು. ಮೊದಲನೆಯದು 'ಚಂದನಾ, ನರ್ಸಿಂಗ್ ವಿದ್ಯಾರ್ಥಿನಿ'. ಸರ್ಕಾರಿ ಕೆಲಸಕ್ಕೆ ಅಡ್ಡಿ, ಅಕ್ರಮ ಕೂಟ, ಆಸ್ತಿಗೆ ಹಾನಿ.

ಗಾಜು ಒಡೆದ ಹೊತ್ತು ನೀನು ಭಟ್ಕಳದಲ್ಲಿ ಯಾರೋ ಬಾಣಂತಿಗೆ ಡ್ರಿಪ್ ಹಾಕುತ್ತಿದ್ದೆ. ವಾರ್ಡಿನ ಹಾಜರಿ ಪುಸ್ತಕದಲ್ಲಿ ಅದು ಇದೆ. ಆದರೂ ಹೊನ್ನಾವರದ ಕೋರ್ಟಿಗೆ ಆರು ಸಲ ಬಂದು ನಿಂತೆ. ಒಮ್ಮೆ ಡ್ಯೂಟಿಯ ಬಿಳಿ ಬಟ್ಟೆಯಲ್ಲೇ ಬಂದಿದ್ದೆ. "ಸಿಸ್ಟರ್, ಪೇಶೆಂಟ್ ಯಾರು?" ಎಂದು ಜವಾನ ಕೇಳಿದ. "ನಾನೇ" ಎಂದೆ ನೀನು. ಅದು ನನ್ನ ತಲೆಯಿಂದ ಹೋಗುವುದಿಲ್ಲ.

ನಿನ್ನೆ ಕುಮಟೆಗೆ ಹೋಗಿ ನಮ್ಮ ವಕೀಲೆ ದಿವ್ಯಶ್ರೀಯನ್ನು ಕಂಡೆ. ಹಾಜರಿ ಪುಸ್ತಕ ತೋರಿಸಿದರೆ ಸಾಲದೇ ಎಂದು ಮತ್ತೆ ಕೇಳಿದೆ. "ಅದನ್ನು ವಿಚಾರಣೆಯಲ್ಲಿ ತೋರಿಸಬೇಕು ಮಾರಾಯ್ರೆ. ವಿಚಾರಣೆ ಶುರುವಾಗೂಕೇ ಎರಡು ವರ್ಷ ಹೋದ್ರೂ ಹೋಯ್ತು" ಎಂದಳು. ಫಾರ್ಮಿನ ಮಾತು ಎತ್ತಿದೆ. ಅವಳು ಕನ್ನಡಕ ತೆಗೆದಿಟ್ಟಳು. "ಹೌದು ಅಂದ್ರೆ ಈ ಕೆಲಸ ಹೋಗಬಹುದು, ನಾನು ಸುಳ್ಳು ಹೇಳೂದಿಲ್ಲ. ಇಲ್ಲ ಅಂದ್ರೆ ಕೆಲಸ ಸಿಕ್ತದೆ. ಪೊಲೀಸ್ ತನಿಖೆ ಆದ ದಿನ ಹೋಗ್ತದೆ. ಆಗ ಮುಚ್ಚಿಟ್ಟವಳು ಅಂತ ಹೆಸರು ಬೀಳ್ತದೆ. ಕೇಸಿನಿಂದ ಬಿಡಿಸಬಹುದು, ಆ ಹೆಸರಿನಿಂದ ಬಿಡಿಸೂದು ನನ್ನ ಕೈಲಿ ಆಗೂದಿಲ್ಲ."

ಹಾಗಾಗಿ ಮಗಾ, ಹೌದು ಎಂದೇ ಬರೆ. ಕೇಸಿನ ನಂಬರು ಬರೆ, ಹಾಜರಿ ಪುಸ್ತಕದ ನಕಲು ಲಗತ್ತಿಸು. ಕೆಲಸ ಹೋದರೆ ಇಲ್ಲಿಗೆ ಬಾ. ರೋಗಿಗೆ ಕೊಟ್ಟ ಔಷಧವನ್ನು ಕೊಟ್ಟಿಲ್ಲ ಎಂದು ಬರೆಯುವವಳಲ್ಲ ನೀನು. ಇದನ್ನೂ ಹಾಗೇ ಬರೆ. ಹೇಳುವುದು ನನಗೆ ಸುಲಭ, ಬರೆಯುವವಳು ನೀನು. ಅದೂ ಗೊತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗುಣ ಕೆಡದಿರಲಿ, ನೀನು ಮುಟ್ಟಿದ ಮೈಗಳೆಲ್ಲ ಗುಣವಾಗಲಿ.

ನಿನ್ನ ಮಾವ,
ಶನಿಯಾರ

ತಾ.ಕ.: ನರೇಶನ ಹತ್ತಿರ ನೀನು ಮಾತು ಬಿಟ್ಟು ಒಂದು ವರ್ಷ ದಾಟಿತು. ನಿನ್ನ ಸುಳ್ಳು ಸಹಿ ಹಾಕಿದವ ಅವನೇ ಎಂದು ನೀನೂ ನಂಬಿದ್ದೀ, ಸಣ್ಣಿಯೂ ನಂಬಿದ್ದಾಳೆ. ಅವನ ಅಂಗಳದಲ್ಲಿ ನಿಂತು ಅವಳು ಶಾಪ ಹಾಕಿದಾಗ ನಾನು ಪಕ್ಕದಲ್ಲೇ ಇದ್ದೆ. ಅವನು ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಆ ಸಹಿ ನನ್ನದು. ಅಕ್ಕಿ ಮಿಲ್ಲಿನಲ್ಲಿ ಚೀಲಗಳ ಮೇಲೆ ಹೆಸರು ಬರೆಯುತ್ತ ಅಕ್ಷರ ಕಲಿತವ ನಾನು. ನಮ್ಮ ಮನೆಯಿಂದ ಒಂದು ಹೆಸರು ಬೇಕಿತ್ತು. ಶನಿಯಾರ ಎಂದು ಬರೆದರೆ ಯಾವ ಸಾಹೇಬ ಓದುತ್ತಾನೆ, ಓದಿದ ಹುಡುಗಿಯ ಹೆಸರು ಮೇಲಿದ್ದರೆ ಮನವಿಗೆ ತೂಕ ಬರುತ್ತದೆ ಎಂದುಕೊಂಡೆ. ನಿನ್ನನ್ನು ಕೇಳಲಿಲ್ಲ. "ಅಕ್ಷರ ಅಚ್ಚು ಹೊಡೆದ ಹಾಗೆ ಉಂಟು, ಯಾರದ್ದು?" ಎಂದು ಪೊಲೀಸಿನವ ಕೇಳಿದಾಗ ಒಂದು ಗಳಿಗೆ ಹೆಮ್ಮೆಯೇ ಆಗಿತ್ತು.

ನಿನ್ನೆ ದಿವ್ಯಶ್ರೀಗೆ ಇದನ್ನೂ ಹೇಳಿ ಬಂದೆ. ಬರೆದು ಕೊಡಿ ಎಂದಳು. ನನ್ನ ಮೇಲೆ ಬೇರೆ ಕೇಸಾಗಬಹುದಂತೆ, ಆಗಲಿ. ನಿನ್ನ ಕೇಸು ಬಿಟ್ಟುಹೋಗುತ್ತದೆ ಎಂದು ಮಾತ್ರ ಅವಳು ಹೇಳಲಿಲ್ಲ. ಮನವಿಯ ನಕಲು ನಿನ್ನ ಹತ್ತಿರ ಇದೆಯಲ್ಲ, ಪಕ್ಕದಲ್ಲಿಟ್ಟು ನೋಡಲೆಂದು ಅದೇ ಸಹಿಯನ್ನು ಕೆಳಗೆ ಇನ್ನೊಮ್ಮೆ ಹಾಕಿದ್ದೇನೆ. ಎಷ್ಟು ಸಿಟ್ಟು ಬಂದರೂ ಈ ಕಾಗದ ಹರಿಯಬೇಡ, ಕೋರ್ಟಿಗೆ ಬೇಕು.

ಚಂದನಾ, ನರ್ಸಿಂಗ್ ವಿದ್ಯಾರ್ಥಿನಿ